ಬೆಂಕಿಪುರದ ಕುಲುಮೆಯನ್ನು ಕಾಯ್ದ ದಿವಾನರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕೇಳಿದೊಡನೆ ನಮ್ಮೆಲ್ಲರ ಮನಸ್ಸು ಕನ್ನಂಬಾಡಿ ಕಟ್ಟೆಯತ್ತ ಹರಿಯುವುದು ಸಹಜ. ಆದರೆ ಅವರ ತಾಳ್ಮೆಯ ನಿಜವಾದ ಪರೀಕ್ಷೆ ನಡೆದುದು ಭದ್ರಾ ನದಿಯ ದಡದಲ್ಲಿ, ಹಿಂದೆ ಬೆಂಕಿಪುರವೆನಿಸಿದ್ದ ಮಲೆನಾಡಿನ ಪುಟ್ಟ ಊರಿನಲ್ಲಿ ಎಂಬುದನ್ನು ನಾವು ಮರೆಯಬಾರದು.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಪದವಿ ಪಡೆದರು. ಹಳ್ಳಿಯ ಬಡ ಹುಡುಗನಿಗೆ ಸರ್ಕಾರವು ಸಕಾಲದಲ್ಲಿ ನೀಡಿದ ಆಸರೆ ಎಂತಹ ಫಲ ಕೊಡಬಲ್ಲುದು ಎಂಬುದಕ್ಕೆ ಅವರ ಬದುಕೇ ನಿದರ್ಶನ.

ಮುಂಬಯಿ ಪ್ರಾಂತದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ದಿವಾನರನ್ನಾಗಿ ನೇಮಿಸಿದರು. ಅದಕ್ಕೂ ಮುನ್ನವೇ, 1911ರಲ್ಲಿ, ಅವರ ಒತ್ತಾಸೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಗಿತ್ತು. ಕೃಷಿ, ಕೈಗಾರಿಕೆ, ಶಿಕ್ಷಣಗಳ ಚಿಂತನೆ ರಾಜಧಾನಿಯಲ್ಲಿಯೇ ಉಳಿಯದೆ ಜಿಲ್ಲೆ, ತಾಲ್ಲೂಕುಗಳ ಸಮಿತಿಗಳವರೆಗೂ ಇಳಿಯಿತು. 1913ರಲ್ಲಿ ಸರ್ಕಾರದ ಆಶ್ರಯದಲ್ಲಿ ಮೈಸೂರು ಬ್ಯಾಂಕ್ ಸ್ಥಾಪನೆಯಾಯಿತು.

ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಈ ಮೂರೂ ಕೂಡುವ ಜಾಗದಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಬೇಕೆಂಬುದು ಅವರ ಸಂಕಲ್ಪವಾಗಿತ್ತು. ಅವರು ದಿವಾನಗಿರಿಯನ್ನು ಬಿಟ್ಟ ಬಳಿಕ, 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿತು. ಆ ವೇಳೆಗೆ ಮಹಾಯುದ್ಧಾನಂತರದ ಮಾರುಕಟ್ಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ವೆಚ್ಚ ಅಂದಾಜನ್ನು ಮೀರಿತ್ತು. ನಷ್ಟದ ಲೆಕ್ಕವನ್ನು ಮುಂದಿಟ್ಟು ಟೀಕಿಸುವವರಿಗೆ ಕೊರತೆಯಿರಲಿಲ್ಲ.

ಅಧಿಕಾರವಿಲ್ಲದ ತಾನು ಇದಕ್ಕೆ ಹೊಣೆಯಲ್ಲವೆಂದು ಅವರು ದೂರ ಸರಿಯಬಹುದಿತ್ತು. ಬದಲಾಗಿ, ಮಹಾರಾಜರ ಅಪೇಕ್ಷೆಯಂತೆ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ಹೊತ್ತು 1929ರವರೆಗೆ ದುಡಿದರು. ದುಂದನ್ನು ತಡೆದರು, ಪರದೇಶದ ತಜ್ಞರ ಜಾಗದಲ್ಲಿ ನಮ್ಮವರನ್ನೇ ತರಬೇತುಗೊಳಿಸಿ ನಿಲ್ಲಿಸಿದರು. ಕಾರ್ಖಾನೆ ಲಾಭದ ದಾರಿ ಹಿಡಿಯುವವರೆಗೆ ಸಂಭಾವನೆಯನ್ನೂ ಮುಟ್ಟಲಿಲ್ಲ. ಮುಂದೆ ಸರ್ಕಾರ ಆ ಬಾಕಿಯನ್ನು ಕೊಡಲು ಬಂದಾಗ, ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಅದನ್ನು ವಿನಿಯೋಗಿಸಲು ಹೇಳಿದರು. ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆ ಇಂದಿಗೂ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿದೆ.

ಕಬ್ಬಿಣದ ಬೆನ್ನಿಗೆ ಉಕ್ಕು, ಸಿಮೆಂಟು, ಕಾಗದದ ಕಾರ್ಖಾನೆಗಳೂ ಭದ್ರಾವತಿಗೆ ಬಂದವು. ಸಾವಿರಾರು ಕುಟುಂಬಗಳು ಊರು ಬಿಡದೆ ಅನ್ನ ಕಂಡುಕೊಂಡವು. ನೂರು ವರ್ಷ ಪೂರೈಸಿ 1962ರಲ್ಲಿ ವಿಶ್ವೇಶ್ವರಯ್ಯನವರು ಕಣ್ಮುಚ್ಚಿದರು. ಅವರ ಹೆಸರನ್ನೇ ಹೊತ್ತ ಆ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಮಾತು ಈಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುತ್ತಿರುವುದು ನಮಗೆ ನೋವಿನ ಸಂಗತಿ.

ಸಣ್ಣ ಊರುಗಳಿಗೆ ಉದ್ಯಮ ತರುವೆವೆಂದು ಘೋಷಿಸುವುದು ಸುಲಭ, ಶಂಕುಸ್ಥಾಪನೆಯೂ ಸುಲಭ. ನಷ್ಟದ ದಿನಗಳಲ್ಲಿ ಅದರ ಬಳಿ ನಿಂತು, ಲೆಕ್ಕ ಕೇಳಿ, ತಪ್ಪು ತಿದ್ದಿ, ಕೈಬಿಡದೆ ನಡೆಸುವುದೇ ಕಷ್ಟ. ಸರ್ಕಾರದ ನೆರವೆಂದರೆ ಹಣದ ಮಂಜೂರಾತಿಯಷ್ಟೇ ಅಲ್ಲ, ಹೊಣೆ ಹೊರುವ ಮನುಷ್ಯರೂ ಹೌದು ಎಂಬುದನ್ನು ಈ ಬದುಕು ನಮಗೆ ತೋರಿಸಿಕೊಟ್ಟಿದೆ. ಊರು ತೊರೆದು ನಗರ ಸೇರುತ್ತಿರುವ ನಮ್ಮ ಮಕ್ಕಳ ಮುಖ ನೋಡಿದಾಗಲೆಲ್ಲ ಆ ಪಾಠವನ್ನು ನಾವು ನೆನೆಯೋಣ.