ಪ್ಯಾರಿಸ್ಸಿಗೆ ಬಂದ ಮರಿಯಾ

ಮಕ್ಕಳೇ, ಮೇರಿ ಕ್ಯೂರಿ ಎಂದೊಡನೆ ನಿಮಗೆ ರೇಡಿಯಂ ನೆನಪಾಗುತ್ತದೆ, ಎರಡು ನೊಬೆಲ್ ಪ್ರಶಸ್ತಿಗಳು ನೆನಪಾಗುತ್ತವೆ. ಹಲವು ಪುಸ್ತಕಗಳಲ್ಲಿ ಅವರನ್ನು ಫ್ರಾನ್ಸ್ ದೇಶದ ವಿಜ್ಞಾನಿ ಎಂದು ಬರೆದಿರುತ್ತಾರೆ. ಅದು ತಪ್ಪಲ್ಲ. ಆದರೆ ಅವರು ಹುಟ್ಟಿದ್ದು ಪೋಲೆಂಡಿನ ವಾರ್ಸಾ ನಗರದಲ್ಲಿ, 1867ರ ನವೆಂಬರ್ 7ರಂದು. ಹುಟ್ಟುಹೆಸರು ಮರಿಯಾ ಸ್ಕ್ಲೊಡೊವ್‌ಸ್ಕ. ಈ ಮರಿಯಾ ಪರದೇಶದ ದೊಡ್ಡ ನಗರವೊಂದಕ್ಕೆ ಹೋಗಿ ಮೇರಿ ಆದದ್ದು ಹೇಗೆ? ಈ ಸಲ ಅದನ್ನು ತಿಳಿಯೋಣ.

ಆಗ ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲಿ ಪಾಠವೆಲ್ಲ ರಷ್ಯನ್ ಭಾಷೆಯಲ್ಲಿ. ಮನೆಮಾತಾದ ಪೋಲಿಷ್ ಭಾಷೆಯಲ್ಲಿ ತಮ್ಮ ನಾಡಿನ ಇತಿಹಾಸ ಕಲಿಯಬೇಕೆಂದರೆ ಇನ್‌ಸ್ಪೆಕ್ಟರರ ಕಣ್ಣು ತಪ್ಪಿಸಿ ಕಲಿಯಬೇಕಿತ್ತು. ಮರಿಯಾಳ ತಂದೆ ಗಣಿತ ಮತ್ತು ಭೌತಶಾಸ್ತ್ರದ ಶಿಕ್ಷಕರು. ತಾಯಿ ಕ್ಷಯರೋಗದಿಂದ ತೀರಿಕೊಂಡಾಗ ಮರಿಯಾಳಿಗೆ ಹತ್ತು ವರ್ಷ. 1883ರಲ್ಲಿ ಆಕೆ ಚಿನ್ನದ ಪದಕದೊಂದಿಗೆ ಶಾಲೆ ಮುಗಿಸಿದಳು. ಆದರೆ ವಾರ್ಸಾದ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

ಅಕ್ಕ ಬ್ರೋನ್ಯಾಳಿಗೂ ಓದುವ ಆಸೆ, ತಂಗಿಗೂ ಓದುವ ಆಸೆ. ಇಬ್ಬರನ್ನೂ ಪ್ಯಾರಿಸ್ಸಿಗೆ ಕಳಿಸುವಷ್ಟು ಹಣ ಮನೆಯಲ್ಲಿರಲಿಲ್ಲ. ಅಕ್ಕತಂಗಿಯರು ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಹೋಗಿ ವೈದ್ಯಶಾಸ್ತ್ರ ಓದುವುದು, ತಂಗಿ ದುಡಿದು ಹಣ ಕಳಿಸುವುದು, ಅಕ್ಕನ ಓದು ಮುಗಿದ ಮೇಲೆ ಆಕೆ ತಂಗಿಯನ್ನು ಕರೆಸಿಕೊಳ್ಳುವುದು. 1886ರ ಆರಂಭದಲ್ಲಿ ಮರಿಯಾ ದೂರದ ಹಳ್ಳಿಯ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ಬಿಡುವಿನಲ್ಲಿ ಅಲ್ಲಿನ ರೈತರ ಮಕ್ಕಳಿಗೆ ಗುಟ್ಟಾಗಿ ಪೋಲಿಷ್ ಅಕ್ಷರ ಕಲಿಸಿದಳು. ರಾತ್ರಿ ತಾನೊಬ್ಬಳೇ ಭೌತಶಾಸ್ತ್ರ, ಗಣಿತದ ಪುಸ್ತಕಗಳನ್ನು ಓದಿದಳು. ಹೀಗೆ ವರ್ಷಗಳು ಕಳೆದವು. ಕೊನೆಗೆ 1891ರ ನವೆಂಬರಿನಲ್ಲಿ ರೈಲು ಹತ್ತಿದಾಗ ಆಕೆಗೆ 24 ವರ್ಷ. ಅವಳ ವಯಸ್ಸಿನ ಅನೇಕರು ಆಗಲೇ ಪದವಿ ಮುಗಿಸಿದ್ದರು.

ಜರ್ಮನಿಯನ್ನು ದಾಟಲು ಆಕೆ ಕೊಂಡದ್ದು ನಾಲ್ಕನೆಯ ದರ್ಜೆಯ ಟಿಕೆಟು. ಬೋಗಿ ಹೆಚ್ಚುಕಡಿಮೆ ಸರಕಿನ ಗಾಡಿಯಂತೆಯೇ. ಅದಕ್ಕೆಂದೇ ಮಡಿಸುವ ಕುರ್ಚಿ, ಹೊದಿಕೆ, ದಾರಿಗೆ ಬುತ್ತಿ, ಎಲ್ಲವನ್ನೂ ಜೊತೆಗೆ ಕೊಂಡೊಯ್ದಿದ್ದಳು.

ಪ್ಯಾರಿಸ್ಸಿನಲ್ಲಿ ಮೊದಲು ಇಳಿದುಕೊಂಡದ್ದು ಅಕ್ಕಭಾವನ ಮನೆಯಲ್ಲಿ. ಇಬ್ಬರೂ ವೈದ್ಯರು. ಮನೆಯಿಂದ ಸೊರ್ಬಾನ್ ವಿಶ್ವವಿದ್ಯಾಲಯಕ್ಕೆ ಕುದುರೆ ಎಳೆಯುವ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಬಸ್ಸಿನ ಮೇಲಂತಸ್ತಿಗೆ ಮಾಡು ಇರಲಿಲ್ಲ, ಅದಕ್ಕೇ ಅಲ್ಲಿ ಟಿಕೆಟ್ಟಿನ ದರ ಕಡಿಮೆ. ಮರಿಯಾ ಚಳಿಗಾಳಿಯಲ್ಲಿ ಅಲ್ಲೇ ಕುಳಿತು ಹೋಗುತ್ತಿದ್ದಳು. ವಿಶ್ವವಿದ್ಯಾಲಯದ ದಾಖಲೆಯಲ್ಲಿ ತನ್ನ ಹೆಸರನ್ನು ಫ್ರೆಂಚರ ರೀತಿಯಲ್ಲಿ ಮೇರಿ ಎಂದು ಬರೆಸಿದಳು. ವಿಜ್ಞಾನ ವಿಭಾಗದಲ್ಲಿ ಆಗ ಹೆಣ್ಣುಮಕ್ಕಳ ಸಂಖ್ಯೆ ತೀರಾ ಕಡಿಮೆ.

ಹೆಸರು ಬದಲಾಯಿಸುವುದು ಸುಲಭ. ತರಗತಿಯಲ್ಲಿ ಕುಳಿತಾಗ ನಿಜವಾದ ಕಷ್ಟ ಗೊತ್ತಾಯಿತು. ಪುಸ್ತಕ ಓದುವಷ್ಟು ಫ್ರೆಂಚ್ ಆಕೆಗೆ ಚೆನ್ನಾಗಿ ಬರುತ್ತಿತ್ತು. ಆದರೆ ಪ್ರಾಧ್ಯಾಪಕರು ಸರಸರನೆ ಮಾತನಾಡುತ್ತ ಹೋದಾಗ ನಡುನಡುವೆ ವಾಕ್ಯಗಳೇ ಕೈತಪ್ಪುತ್ತಿದ್ದವು. ಕನ್ನಡ ಮಾಧ್ಯಮದಲ್ಲಿ ಓದಿ ಪಟ್ಟಣದ ಕಾಲೇಜಿಗೆ ಹೋದ ನಿಮ್ಮೂರಿನ ಅಣ್ಣಂದಿರನ್ನೋ ಅಕ್ಕಂದಿರನ್ನೋ ಕೇಳಿ ನೋಡಿ, ಈ ಕಷ್ಟ ಎಂಥದ್ದೆಂದು ಹೇಳುತ್ತಾರೆ. ಗಣಿತದಲ್ಲೂ ಹಾಗೆಯೇ. ಹಳ್ಳಿಯಲ್ಲಿ ಒಬ್ಬಳೇ ಕಲಿತಿದ್ದ ಗಣಿತ ಸಾಲುತ್ತಿರಲಿಲ್ಲ, ಫ್ರಾನ್ಸಿನ ಶಾಲೆಗಳಲ್ಲಿ ಓದಿ ಬಂದವರು ಬಹಳ ಮುಂದಿದ್ದರು. ಚಿನ್ನದ ಪದಕದ ಹುಡುಗಿ ಇಲ್ಲಿ ಹಿಂದುಳಿದವಳು! ಯಾವುದು ಬರುವುದಿಲ್ಲವೋ ಅದನ್ನು ಮೊದಲಿನಿಂದ ಕಲಿಯದೆ ಬೇರೆ ದಾರಿಯಿರಲಿಲ್ಲ.

ಅಕ್ಕನ ಮನೆಯಲ್ಲಿ ಪ್ರೀತಿಯಿತ್ತು, ಹೊಟ್ಟೆತುಂಬ ಊಟವಿತ್ತು. ಜೊತೆಗೆ ಸಂಜೆಯಾದರೆ ಪೋಲೆಂಡಿನ ಗೆಳೆಯರು, ಹರಟೆ, ಸಂಗೀತ. ಓದಿಗೆ ನಿಶ್ಶಬ್ದ ಬೇಕಿತ್ತು. ಕೆಲವು ತಿಂಗಳ ನಂತರ, 1892ರಲ್ಲಿ, ಮೇರಿ ವಿಶ್ವವಿದ್ಯಾಲಯದ ಹತ್ತಿರ ಲ್ಯಾಟಿನ್ ಕ್ವಾರ್ಟರ್ ಎಂಬ ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದಳು. ಕೈಯಲ್ಲಿದ್ದದ್ದು ದಿನಕ್ಕೆ ಸುಮಾರು 3 ಫ್ರಾಂಕ್. ಬಾಡಿಗೆ, ಊಟ, ಬಟ್ಟೆ, ಪುಸ್ತಕ, ಶುಲ್ಕ ಎಲ್ಲವೂ ಅದರಲ್ಲೇ ಆಗಬೇಕು. ಅಷ್ಟು ಹಣಕ್ಕೆ ಸಿಗುತ್ತಿದ್ದದ್ದು ಕಟ್ಟಡದ ತುದಿಯಲ್ಲಿ, ಮಾಡಿನ ಕೆಳಗಿನ ಕೋಣೆ. ಅಲ್ಲಿಗೆ ನೀರು, ಕಲ್ಲಿದ್ದಲು ಎಲ್ಲವನ್ನೂ ಆಕೆಯೇ ಹೊತ್ತು ಹತ್ತಬೇಕಿತ್ತು. ಚಳಿಗಾಲದ ರಾತ್ರಿ ಬೋಗುಣಿಯ ನೀರು ಹೆಪ್ಪುಗಟ್ಟುತ್ತಿತ್ತು. ಅಂದರೆ ಕೋಣೆಯೊಳಗೇ ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತಿತ್ತು! ನಿಮ್ಮ ಶಾಲೆಗೆ ತಗಡಿನ ಮಾಡು ಇದ್ದರೆ, ಹಗಲು ಅದು ಬೇಗ ಕಾಯುವುದನ್ನೂ ಸಂಜೆಯಾದೊಡನೆ ತಣ್ಣಗಾಗುವುದನ್ನೂ ನೀವು ಬಲ್ಲಿರಿ. ಮಾಡಿಗೆ ಅಂಟಿಕೊಂಡ ಕೋಣೆಯ ಪಾಡೂ ಅದೇ.

ಹೊದಿಕೆ ಸಾಲದೆ ಆಕೆ ಇದ್ದಬದ್ದ ಬಟ್ಟೆಗಳನ್ನೆಲ್ಲ ಮೇಲೆ ಹೊದ್ದು, ಕೊನೆಗೆ ಕುರ್ಚಿಯನ್ನೂ ಎಳೆದು ಹೊದಿಕೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳಂತೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕುರ್ಚಿಯಿಂದ ಬೆಚ್ಚಗಾಗುತ್ತದೆಯೇ? ಇಲ್ಲ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಗಾಳಿ ಉಷ್ಣದ ದುರ್ಬಲ ವಾಹಕ, ಮೈಯ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಭಾರ ಹೇರಿದರೆ ಆ ಗಾಳಿ ಹೊರಗೆ ಹೋಗುತ್ತದೆ, ಲಾಭಕ್ಕಿಂತ ನಷ್ಟವೇ ಹೆಚ್ಚು. ಮೇರಿಗೆ ಇದು ತಿಳಿಯದೇ ಇರಲಾರದು. ದಪ್ಪ ಹೊದಿಕೆ ಇದೆಯೆಂಬ ಸಮಾಧಾನಕ್ಕಾಗಿ ಹಾಗೆ ಮಾಡಿರಬೇಕು. ಎರಡು ಲೋಟ ಬಿಸಿನೀರು ತೆಗೆದುಕೊಂಡು, ಒಂದಕ್ಕೆ ಬಟ್ಟೆಯನ್ನು ಸಡಿಲವಾಗಿ ಹಲವು ಪದರ ಸುತ್ತಿ, ಇನ್ನೊಂದಕ್ಕೆ ಅಷ್ಟೇ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿ. ಅರ್ಧ ಗಂಟೆಯ ನಂತರ ಶಿಕ್ಷಕರ ಸಹಾಯದಿಂದ ಉಷ್ಣತೆ ಅಳೆದು ನೋಡಿ.

ಸಂಜೆಯ ಹೊತ್ತು ಕಲ್ಲಿದ್ದಲು, ಎಣ್ಣೆ ಉಳಿಸಲು ಆಕೆ ಕಂಡುಕೊಂಡ ಉಪಾಯ ಸೇಂಟ್ ಜೆನೆವೀವ್ ಗ್ರಂಥಾಲಯ. ಅಲ್ಲಿ ಗ್ಯಾಸ್ ದೀಪದ ಬೆಳಕಿತ್ತು, ಒಳಗೆ ಬೆಚ್ಚಗಿತ್ತು. ರಾತ್ರಿ ಹತ್ತು ಗಂಟೆಗೆ ಬಾಗಿಲು ಹಾಕುವವರೆಗೂ ಓದಿ ಆಮೇಲೆ ಕೋಣೆಗೆ ಹೋಗುತ್ತಿದ್ದಳು.

ಊಟವೆಂದರೆ ಬಹಳ ದಿನ ಬರೀ ಬ್ರೆಡ್ಡು, ಬೆಣ್ಣೆ, ಚಹಾ. ಒಂದು ದಿನ ಗೆಳತಿಯ ಎದುರಲ್ಲೇ ತಲೆತಿರುಗಿ ಬಿದ್ದಳು. ವೈದ್ಯ ಭಾವ ಓಡಿಬಂದು ವಿಚಾರಿಸಿದಾಗ, ಹಿಂದಿನ ದಿನದಿಂದ ಆಕೆ ತಿಂದದ್ದು ಒಂದಿಷ್ಟು ಮೂಲಂಗಿ ಮತ್ತು ಚೆರ್ರಿ ಹಣ್ಣು ಮಾತ್ರ ಎಂಬುದು ತಿಳಿಯಿತು. ಮನೆಗೆ ಕರೆದೊಯ್ದು ಚೆನ್ನಾಗಿ ಉಣಿಸಿದರು. ಕೆಲವರು ಈ ಘಟನೆಯನ್ನು ದೊಡ್ಡ ತ್ಯಾಗವೆಂಬಂತೆ ವರ್ಣಿಸುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ, ನಿಮ್ಮ ಶಾಲೆಯಲ್ಲಿ ಬಿಸಿಯೂಟ ಕೊಡುವುದೂ ಅದಕ್ಕೇ. ಮೇರಿ ಕಲಿತದ್ದು ಹಸಿವಿನಿಂದಲ್ಲ, ಹಸಿವಿದ್ದರೂ.

1893ರ ಜುಲೈನಲ್ಲಿ ಭೌತವಿಜ್ಞಾನದ ಪದವಿ ಪರೀಕ್ಷೆಯ ಫಲಿತಾಂಶ ಬಂತು. ಮೊದಲ ಸ್ಥಾನ ಮೇರಿಗೆ. ಎರಡು ವರ್ಷದ ಹಿಂದೆ ಪಾಠ ಅರ್ಥವಾಗದೆ ಕಷ್ಟಪಡುತ್ತಿದ್ದ ಪರದೇಶದ ಹುಡುಗಿ! ಗಣಿತದ ಪದವಿಯೂ ಬೇಕೆಂದು ಆಸೆ, ಕೈಯಲ್ಲಿ ಹಣವಿಲ್ಲ. ಆಗ ಪೋಲೆಂಡಿನಿಂದ 600 ರೂಬಲ್ ವಿದ್ಯಾರ್ಥಿವೇತನ ದೊರೆಯಿತು. 1894ರಲ್ಲಿ ಗಣಿತದಲ್ಲಿ ಎರಡನೆಯ ಸ್ಥಾನ ಪಡೆದಳು. ಮುಂದೆ ಸಂಪಾದನೆ ಆರಂಭವಾದಾಗ ಆ 600 ರೂಬಲನ್ನು ಆಕೆ ಹಿಂದಿರುಗಿಸಿದಳು. ವಿದ್ಯಾರ್ಥಿವೇತನವನ್ನು ಯಾರೂ ಹಾಗೆ ಹಿಂದಿರುಗಿಸುತ್ತಿರಲಿಲ್ಲ. ಇನ್ನೊಬ್ಬ ಬಡ ವಿದ್ಯಾರ್ಥಿಗೆ ಅದು ಸಿಗಲೆಂಬುದು ಆಕೆಯ ಲೆಕ್ಕ.

ಮೇರಿ ಪ್ಯಾರಿಸ್ಸಿನಲ್ಲಿ ನೆಲೆಸಲು ಬಂದವಳಲ್ಲ ಎಂಬುದನ್ನು ಮರೆಯಬಾರದು. ಓದು ಮುಗಿಸಿ ಊರಿಗೆ ಮರಳಿ, ಶಿಕ್ಷಕಿಯಾಗಿ, ವಯಸ್ಸಾದ ತಂದೆಯ ಜೊತೆ ಇರುವುದೇ ಆಕೆಯ ಯೋಚನೆ. ಅಷ್ಟರಲ್ಲಿ ಬೇರೆ ಬೇರೆ ಉಕ್ಕುಗಳ ಕಾಂತೀಯ ಗುಣಗಳನ್ನು ಪರೀಕ್ಷಿಸುವ ಕೆಲಸ ಸಿಕ್ಕಿತು. ಉಪಕರಣಗಳನ್ನಿಡಲು ಜಾಗ ಬೇಕಾಯಿತು. ಪರಿಚಯದ ಪೋಲಿಷ್ ಭೌತವಿಜ್ಞಾನಿಯೊಬ್ಬರು, ಕಾಂತತ್ವದ ಬಗ್ಗೆಯೇ ಸಂಶೋಧನೆ ನಡೆಸುತ್ತಿದ್ದ ಪಿಯರ್ ಕ್ಯೂರಿ ಅವರನ್ನು ಪರಿಚಯಿಸಿದರು. ಪಿಯರ್ ಮದುವೆಯಾಗೋಣ ಎಂದಾಗ ಮೇರಿ ಕೂಡಲೇ ಒಪ್ಪಲಿಲ್ಲ. ಒಪ್ಪಿದರೆ ತಾಯ್ನಾಡನ್ನು ಬಿಟ್ಟಂತೆ. ಆ ಬೇಸಿಗೆಯಲ್ಲಿ ಪೋಲೆಂಡಿಗೆ ಹೋಗಿ ಕೆಲಸ ಸಿಗುವುದೇ ಎಂದು ನೋಡಿದಳು. ಕ್ರಾಕೋವ್ ವಿಶ್ವವಿದ್ಯಾಲಯದಲ್ಲಿ ಹೆಂಗಸಿಗೆ ಜಾಗವಿರಲಿಲ್ಲ. ಶರತ್ಕಾಲದಲ್ಲಿ ಮತ್ತೆ ಪ್ಯಾರಿಸ್ಸಿಗೆ ಬಂದಳು. 1895ರ ಜುಲೈ 26ರಂದು ಮದುವೆಯಾಯಿತು. ಉಡುಗೊರೆಯ ಹಣದಲ್ಲಿ ಎರಡು ಸೈಕಲ್ ಕೊಂಡು ಇಬ್ಬರೂ ಹಳ್ಳಿಗಳನ್ನು ಸುತ್ತಲು ಹೊರಟರು.

ಮುಂದಿನದು ನೀವು ಪಾಠದಲ್ಲಿ ಓದುವ ಕಥೆ. 1898ರಲ್ಲಿ ಗಂಡಹೆಂಡತಿ ಹೊಸ ವಿಕಿರಣಪಟು ಧಾತುವೊಂದನ್ನು ಕಂಡುಹಿಡಿದರು. ಹೆಸರಿಡುವ ಹಕ್ಕು ಅವರದೇ. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ಧಾತುವಿಗೆ ಪೊಲೋನಿಯಂ ಎಂದು ಹೆಸರಿಟ್ಟರು. ರೇಡಿಯಂ ಪತ್ತೆಯಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ.

ಫ್ರಾನ್ಸ್ ಅವರನ್ನು ಪೂರ್ತಿ ತನ್ನವರೆಂದು ಒಪ್ಪಿಕೊಂಡಿತೇ? 1906ರಲ್ಲಿ ಪಿಯರ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಮೇರಿ ಕ್ಯೂರಿಯವರು ಸೊರ್ಬಾನ್‌ನಲ್ಲಿ ಬೋಧಿಸಿದ ಮೊದಲ ಮಹಿಳೆಯಾದರು. ಆದರೂ 1911ರಲ್ಲಿ ವಿಜ್ಞಾನ ಅಕಾಡೆಮಿಯ ಚುನಾವಣೆಗೆ ನಿಂತಾಗ, ಹೆಂಗಸು ಮತ್ತು ಹೊರಗಿನವಳು ಎಂದು ಕೆಲವು ಪತ್ರಿಕೆಗಳು ಹೀಯಾಳಿಸಿದವು. ಅವರು ಸೋತರು. ಅದೇ ವರ್ಷ ಎರಡನೆಯ ನೊಬೆಲ್ ಬಂತು. ತಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಅವರು ಪೋಲಿಷ್ ಕಲಿಸಿದರು. 1932ರಲ್ಲಿ ವಾರ್ಸಾದಲ್ಲಿ ರೇಡಿಯಂ ಸಂಸ್ಥೆಯ ಉದ್ಘಾಟನೆಗೆ ಹೋದಾಗ, ಅದನ್ನು ಕಟ್ಟಿ ನಿಲ್ಲಿಸಲು ದುಡಿದ ಅಕ್ಕ ಬ್ರೋನ್ಯಾ ಜೊತೆಗಿದ್ದರು.

1934ರ ಜುಲೈ 4ರಂದು ಮೇರಿ ಕ್ಯೂರಿ ನಿಧನರಾದರು. ಪ್ಯಾರಿಸ್ ಬಳಿಯ ಸೋ ಎಂಬ ಊರಿನಲ್ಲಿ ಮಣ್ಣು ಮಾಡುವಾಗ ಅಣ್ಣ ಮತ್ತು ಅಕ್ಕ ಪೋಲೆಂಡಿನಿಂದ ತಂದಿದ್ದ ಹಿಡಿಮಣ್ಣನ್ನು ಸಮಾಧಿಗೆ ಹಾಕಿದರು. 1995ರಲ್ಲಿ ಫ್ರಾನ್ಸ್ ಸರಕಾರ ಅವರ ಮತ್ತು ಪಿಯರ್ ಅವರ ಅವಶೇಷಗಳನ್ನು, ದೇಶದ ಗಣ್ಯರ ಸಮಾಧಿಗಳಿರುವ ಪಾಂಥಿಯಾನ್ ಎಂಬ ಭವನಕ್ಕೆ ತಂದಿತು. ಅದು ಇರುವುದು ಲ್ಯಾಟಿನ್ ಕ್ವಾರ್ಟರಿನಲ್ಲಿ, ಸೇಂಟ್ ಜೆನೆವೀವ್ ಗ್ರಂಥಾಲಯದ ಪಕ್ಕದ ಚೌಕದಲ್ಲೇ.