ಪೀಠವಿಲ್ಲದ ಆಚಾರ್ಯ ಯಾನ್ ಪಾತೋಚ್ಕಾ

ರಾಜ್ಯವೊಂದರ ಉದಯವನ್ನು ವರ್ಣಿಸುವಾಗ ರಾಜಪುರುಷರನ್ನೂ ಸೇನಾನಿಗಳನ್ನೂ ಸ್ಮರಿಸುವುದು ವಾಡಿಕೆ. ಆದರೆ ಮಧ್ಯ ಯೂರೋಪಿನ ಜೆಕ್ ಜನರ ಆಧುನಿಕ ಚರಿತ್ರೆಯಲ್ಲಿ ಈ ಗೌರವದ ಒಂದು ಪಾಲು ಅಧ್ಯಾಪಕರೊಬ್ಬರಿಗೆ ಸಲ್ಲುತ್ತದೆ. ಅವರೇ ತತ್ತ್ವಜ್ಞಾನಿ ಯಾನ್ ಪಾತೋಚ್ಕಾ.

ಪಾತೋಚ್ಕಾ ಅವರು 1907ರ ಜೂನ್ 1ರಂದು ಬೊಹೀಮಿಯಾದ ತುರ್ನೋವ್ ಎಂಬ ಊರಿನಲ್ಲಿ ಜನಿಸಿದರು. ಅವರು ಬಾಲಕರಾಗಿದ್ದಾಗ, 1918ರಲ್ಲಿ, ಜೆಕೊಸ್ಲೊವಾಕಿಯಾ ಸ್ವತಂತ್ರ ಗಣರಾಜ್ಯವಾಯಿತು. ಅದರ ಪ್ರಥಮ ಅಧ್ಯಕ್ಷರಾದ ತೊಮಾಶ್ ಮಸಾರಿಕ್ ಅವರೂ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರೇ. ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ಪಾತೋಚ್ಕಾ, 1933ರಲ್ಲಿ ಜರ್ಮನಿಯ ಫ್ರೈಬರ್ಗ್‌ಗೆ ತೆರಳಿ ಮಹಾದಾರ್ಶನಿಕ ಎಡ್ಮಂಡ್ ಹುಸ್ಸೆರ್ಲ್ ಅವರ ಶಿಷ್ಯರಾದರು. ಮಸಾರಿಕ್ ಅವರು ಹಿಂದೆ ತರುಣ ಹುಸ್ಸೆರ್ಲ್‌ರಿಗೆ ಗ್ರಂಥವನ್ನಿಟ್ಟು ಓದುವ ಪುಟ್ಟ ಮೇಜೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದರು. 1934ರ ಕ್ರಿಸ್ಮಸ್ ಸಮಯದಲ್ಲಿ ಹುಸ್ಸೆರ್ಲ್ ಅದನ್ನು ಪಾತೋಚ್ಕಾ ಅವರ ಕೈಗಿತ್ತರು. ಗುರುಪರಂಪರೆಯ ಆ ಕಾಣಿಕೆಯೊಡನೆ ಅದರ ಹೊಣೆಯೂ ಶಿಷ್ಯನ ಹೆಗಲೇರಿತು.

ವಿಶ್ವವಿದ್ಯಾಲಯದ ಪೀಠ ಮಾತ್ರ ಅವರಿಗೆ ಸ್ಥಿರವಾಗಲಿಲ್ಲ. 1939ರ ನವೆಂಬರ್ 17ರಂದು ನಾಜಿಗಳು ಜೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿದಾಗ ಅವರು ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳಿದರು. 1945ರಲ್ಲಿ ಮರಳಿ ದೊರೆತ ಸ್ಥಾನವು, 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಬಳಿಕ ಬಹುಕಾಲ ಉಳಿಯಲಿಲ್ಲ. ಆ ಅಜ್ಞಾತವಾಸದ ವರ್ಷಗಳನ್ನು ಅವರು ಹದಿನೇಳನೆಯ ಶತಮಾನದ ಶಿಕ್ಷಣತಜ್ಞ ಕೊಮೆನಿಯಸ್‌ನ ಕೃತಿಗಳ ಸಂಶೋಧನೆಯಲ್ಲಿ ಸಾರ್ಥಕಪಡಿಸಿಕೊಂಡರು. ಸುಧಾರಣೆಯ ಗಾಳಿ ಬೀಸಿದ 1968ರಲ್ಲಿ ಪುನಃ ಪ್ರಾಧ್ಯಾಪಕ ಪದವಿ ಒದಗಿತು. ಅದೇ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೇನೆಗಳು ದೇಶವನ್ನು ಹೊಕ್ಕವು. 1972ರಲ್ಲಿ ಅವರು ಬಲವಂತವಾಗಿ ನಿವೃತ್ತರಾಗಬೇಕಾಯಿತು. ಆಗ ಖಾಸಗಿ ಮನೆಗಳ ಕೊಠಡಿಗಳೇ ತರಗತಿಗಳಾದವು. ಅಚ್ಚಿಗೆ ಅವಕಾಶವಿಲ್ಲದ ಬರಹಗಳು ಬೆರಳಚ್ಚಿನ ಪ್ರತಿಗಳಾಗಿ ಕೈಯಿಂದ ಕೈಗೆ ಸಾಗಿದವು. ಆತ್ಮದ ಪೋಷಣೆಯೇ ಯೂರೋಪಿನ ನಾಗರಿಕತೆಯ ಬೇರು ಎಂಬುದು ಆ ಪಾಠಗಳ ಸಾರವಾಗಿತ್ತು.

ಆ ತತ್ತ್ವಕ್ಕೆ ಪರೀಕ್ಷೆಯ ಕಾಲ ಒದಗಿತು. 1976ರಲ್ಲಿ ಸರ್ಕಾರವು ತರುಣ ಸಂಗೀತಗಾರರನ್ನು ಸೆರೆಗೆ ತಳ್ಳಿತು. ಮಾನವ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗಳು ಆ ದೇಶದ ಕಾನೂನಾಗಿ ಜಾರಿಗೆ ಬಂದದ್ದೂ ಅದೇ ವರ್ಷ. ಸರ್ಕಾರವು ತಾನೇ ಅಂಗೀಕರಿಸಿದ ಕಾನೂನನ್ನು ಪಾಲಿಸಲಿ ಎಂದು ಕೋರುವ ‘ಚಾರ್ಟರ್ 77’ ಎಂಬ ಮನವಿ 1977ರ ಜನವರಿಯಲ್ಲಿ ಪ್ರಕಟವಾಯಿತು. ಮೊದಲಿಗೆ ಸಹಿ ಹಾಕಿದವರು ಸುಮಾರು 240 ಮಂದಿ. ನಾಟಕಕಾರ ವಾತ್ಸ್ಲಾವ್ ಹಾವೆಲ್ ಮತ್ತು ಮಾಜಿ ವಿದೇಶಾಂಗ ಸಚಿವ ಯಿರ್ಝಿ ಹಾಯೆಕ್ ಅವರೊಡನೆ ಪಾತೋಚ್ಕಾ ಅದರ ವಕ್ತಾರರಾದರು. ಜೀವನದ ಬಹುಭಾಗ ರಾಜಕೀಯದಿಂದ ದೂರವಿದ್ದು, ಎಪ್ಪತ್ತರ ಹೊಸ್ತಿಲಲ್ಲಿ ಈ ಭಾರ ಹೊತ್ತದ್ದು ಸಾಮಾನ್ಯ ಸಂಗತಿಯಲ್ಲ. ನೀತಿಯು ರಾಜ್ಯದ ಸೇವಕಿಯಲ್ಲ, ರಾಜ್ಯವೇ ನೀತಿಗೆ ಅಧೀನ ಎಂಬುದು ಅವರ ನಿಲುವಾಗಿತ್ತು.

ಪೊಲೀಸರ ವಿಚಾರಣೆಗಳು ಒಂದರ ಮೇಲೊಂದರಂತೆ ನಡೆದವು. ಮಾರ್ಚ್ 1ರಂದು ಅವರು ನೆದರ್ಲೆಂಡ್ಸಿನ ವಿದೇಶಾಂಗ ಸಚಿವರನ್ನು ಭೇಟಿಯಾದ ಬಳಿಕ ದೀರ್ಘ ವಿಚಾರಣೆ ನಡೆಯಿತು. ಅಸ್ವಸ್ಥರಾಗಿ ಆಸ್ಪತ್ರೆ ಸೇರಿದ ವೃದ್ಧ ಆಚಾರ್ಯರು 1977ರ ಮಾರ್ಚ್ 13ರಂದು ಮೆದುಳಿನ ರಕ್ತಸ್ರಾವದಿಂದ ಅಸುನೀಗಿದರು. ಪ್ರಾಗ್‌ನ ಬ್ರ್ಝೆವ್ನೋವ್ ರುದ್ರಭೂಮಿಯಲ್ಲಿ ಅಂತ್ಯಕ್ರಿಯೆ ನಡೆಯುತ್ತಿದ್ದಾಗ ಮೇಲೆ ಹೆಲಿಕಾಪ್ಟರ್ ಹಾರಾಡಿ, ಪಕ್ಕದಲ್ಲಿ ಮೋಟಾರು ಸೈಕಲ್ಲುಗಳು ಮೊರೆದು ಪ್ರಾರ್ಥನೆಯ ಧ್ವನಿಯನ್ನು ಮುಳುಗಿಸಿದವು.

ಆದರೆ ಅವರ ವಾಣಿ ಮುಳುಗಲಿಲ್ಲ. ಮರುವರ್ಷ ಹಾವೆಲ್ ತಮ್ಮ ಪ್ರಸಿದ್ಧ ಪ್ರಬಂಧವೊಂದನ್ನು ಅವರ ಸ್ಮೃತಿಗೆ ಅರ್ಪಿಸಿದರು. ನಾಜಿಗಳು ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿದ ದಿನಕ್ಕೆ ಸರಿಯಾಗಿ ಐವತ್ತು ವರ್ಷ ತುಂಬಿದ 1989ರ ನವೆಂಬರ್ 17ರಂದು ವಿದ್ಯಾರ್ಥಿಗಳು ಬೀದಿಗಿಳಿದರು. ರಕ್ತಪಾತವಿಲ್ಲದೆ ಏಕಪಕ್ಷದ ಆಳ್ವಿಕೆ ಕುಸಿಯಿತು. ಡಿಸೆಂಬರ್ 29ರಂದು ಹಾವೆಲ್ ರಾಷ್ಟ್ರಾಧ್ಯಕ್ಷರಾದರು. 1993ರ ಜನವರಿ 1ರಂದು ಜೆಕ್ ಮತ್ತು ಸ್ಲೊವಾಕ್ ಜನರು ಶಾಂತಿಯಿಂದ ಬೇರ್ಪಟ್ಟು ಎರಡು ರಾಜ್ಯಗಳಾದರು.

ಪಾತೋಚ್ಕಾ ಸೈನ್ಯ ಕಟ್ಟಲಿಲ್ಲ, ಪಕ್ಷ ಸ್ಥಾಪಿಸಲಿಲ್ಲ. ಪೀಠವನ್ನು ಕಸಿದುಕೊಂಡವರಿಗೆ ಅವರ ಗುರುತ್ವವನ್ನು ಕಸಿಯಲಾಗಲಿಲ್ಲ. ಅಧಿಕಾರವು ಕೊಟ್ಟ ಹುದ್ದೆಯನ್ನು ಅಧಿಕಾರವೇ ಹಿಂಪಡೆಯಬಹುದು. ಶಿಷ್ಯರ ಅಂತಃಕರಣದಲ್ಲಿ ಬಿತ್ತಿದ ಸತ್ಯವನ್ನು ಹಿಂಪಡೆಯಲು ಯಾವ ಅಧಿಕಾರಕ್ಕೂ ಸಾಧ್ಯವಿಲ್ಲ. ವಿದ್ಯಾದಾನವನ್ನು ವ್ರತವಾಗಿ ಕೈಗೊಂಡವರಿಗೆಲ್ಲ ಈ ಬಾಳು ಒಂದು ಮೇಲ್ಪಂಕ್ತಿ.