ಹೆಲೆನ್ ಮೇಯೊ (1878–1967)

ಅಡಿಲೇಡ್‌ನಲ್ಲಿ ಜನಿಸಿದ ಹೆಲೆನ್ ಮೇಯೊ 1902ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದಲೇ ವೈದ್ಯಪದವಿ ಪಡೆದರು. ಲಂಡನ್‌ನಲ್ಲಿ ಮಕ್ಕಳ ಚಿಕಿತ್ಸೆಯಲ್ಲಿಯೂ, ದೆಹಲಿಯ ಸೇಂಟ್ ಸ್ಟೀಫನ್ಸ್ ಆಸ್ಪತ್ರೆಯಲ್ಲಿ ಹೆರಿಗೆ ವೈದ್ಯದಲ್ಲಿಯೂ ಅನುಭವ ಗಳಿಸಿ 1906ರಲ್ಲಿ ತವರಿಗೆ ಮರಳಿದರು. 1909ರಲ್ಲಿ ಹ್ಯಾರಿಯೆಟ್ ಸ್ಟರ್ಲಿಂಗ್ ಅವರೊಡಗೂಡಿ ತಾಯಂದಿರ ಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ಶಿಶುಗಳನ್ನು ತೂಗಿ ನೋಡಿ ತಾಯಂದಿರಿಗೆ ಸಲಹೆ ನೀಡಲಾಗುತ್ತಿತ್ತು. ಏರದ ತೂಕವು ಮುಂಬರುವ ಅಪಾಯದ ಸೂಚನೆಯಾಗಿರಬಹುದು.

ಆಗ ನಗರದ ಮಕ್ಕಳ ಆಸ್ಪತ್ರೆಯು ಸೋಂಕು ಹರಡೀತೆಂದು ಎರಡು ವರ್ಷದೊಳಗಿನ ಶಿಶುಗಳನ್ನು ದಾಖಲಿಸಿಕೊಳ್ಳುತ್ತಿರಲಿಲ್ಲ. ಈ ನಿಯಮವನ್ನು ಬದಲಿಸುವ ಯತ್ನ ವಿಫಲವಾದಾಗ, ಮೇಯೊ ಮತ್ತು ಸಂಗಡಿಗರು 1914ರಲ್ಲಿ ಸೇಂಟ್ ಪೀಟರ್ಸ್ ಬಡಾವಣೆಯ ಬಾಡಿಗೆ ಮನೆಯೊಂದರಲ್ಲಿ ಶಿಶುಗಳಿಗಾಗಿಯೇ ಆಸ್ಪತ್ರೆ ತೆರೆದರು. 1917ರಲ್ಲಿ ಸರ್ಕಾರದ ಆಶ್ರಯಕ್ಕೆ ಬಂದು ವುಡ್‌ವಿಲ್‌ಗೆ ಸ್ಥಳಾಂತರಗೊಂಡ ಅದು ಮರೀಬಾ ಆಸ್ಪತ್ರೆಯೆಂದು ಹೆಸರಾಯಿತು. ಒಂದು ಕೂಸಿನ ಸೋಂಕು ಇನ್ನೊಂದಕ್ಕೆ ತಗಲದಂತೆ ಅಲ್ಲಿ ಕಟ್ಟುನಿಟ್ಟಿನ ಕ್ರಮಗಳಿದ್ದವು. ಅಪಾಯಕ್ಕಂಜಿ ಮುಚ್ಚಿದ್ದ ಬಾಗಿಲನ್ನು ಮೇಯೊ ಮುನ್ನೆಚ್ಚರಿಕೆಯಿಂದಲೇ ತೆರೆಸಿದರು.